ಹಳದಿ ಮಸಿ ಮುಗಿದ ದಿನ

ಮನುಷ್ಯನ ಮೈಬಣ್ಣವನ್ನು ನಿರ್ಧರಿಸುವವನು ಭಗವಂತ ಎಂದು ಹಿರಿಯರು ನಂಬಿದ್ದರು. ಅವರ ಕಾಲದಲ್ಲಿ ಕಲರ್ ಪ್ರಿಂಟರ್ ಇರಲಿಲ್ಲ.

ಕಾರವಾರದ ನಮ್ಮ ಮನೆಯ ಪ್ರಿಂಟರ್‌ನಲ್ಲಿ ಹಳದಿ ಮಸಿ ಮುಗಿದು, ತಂಗಿಯ ಮಗಳು ಶೈಲಾಳ ಫೋಟೋ ಬದನೆಕಾಯಿ ಬಣ್ಣದಲ್ಲಿ ಹೊರಬಂತು. ರಾಹುಕಾಲಕ್ಕೆ ಮೊದಲೇ ಜಾತಕ ಹೊರಡಬೇಕೆಂಬ ಅವಸರದಲ್ಲಿ ಅವಳಪ್ಪ, ಅಂದರೆ ನಮ್ಮ ಭಾವ, ಅದನ್ನೇ ಜೊತೆಗಿಟ್ಟು ಅಂಕೋಲೆಯ ವರನ ಮನೆಗೆ ಕಳಿಸಿಬಿಟ್ಟರು. "ಹುಡುಗಿ ಬಣ್ಣ ಕಮ್ಮಿ" ಎಂದು ಉತ್ತರ ಬಂತು.

ಮೂರು ಬಣ್ಣದ ಮಸಿಯೂ ಒಂದೇ ಡಬ್ಬಿಯಲ್ಲಿರುವ ಹಳೆಯ ಕಾರ್ಟ್ರಿಡ್ಜನ್ನು ಅಂಗಡಿಯಲ್ಲಿ ತೋರಿಸಿ ಅದೇ ನಂಬರಿನ ಅಸಲಿ ಮಾಲು ತಂದೆ. ರೀಫಿಲ್ ಮಾಡಿಸುವ ಲೋಭವನ್ನು ಈ ಧರ್ಮಕಾರ್ಯಕ್ಕಾಗಿ ತ್ಯಜಿಸಿದ್ದೆ. ಹೊಸ ಫೋಟೋದಲ್ಲಿ ಶೈಲಾ ಶೈಲಾಳಂತೆಯೇ ಇದ್ದಳು. ಅದನ್ನು ಹಿಡಿದು ನಾನೇ ಅಂಕೋಲೆಗೆ ಹೋಗಿ, ಮನೆಯ ಪ್ರಿಂಟರ್‌ನಲ್ಲಿ ಮಸಿ ಮುಗಿದ ಕಥೆ ಹೇಳಿದೆ.

ವರನ ತಾಯಿ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರು.

"ಮೊದ್ಲು ಬಂದದ್ದೇ ಖರೆ ಅಲ್ರಾ? ಮನೇಲೇ ಮಷಿನ್ ಇಟ್ಕಂಡವ್ರಿಗೆ ಬಣ್ಣ ಹಚ್ಚುದು ಎಂತ ದೊಡ್ಡ ಕೆಲ್ಸ?"

"ಹಾಗಾದ್ರೆ ಹುಡುಗಿಯನ್ನೇ ಬಂದು ನೋಡಿ" ಎಂದೆ.

"ಫೋಟೋ ಒಪ್ಪಿಗೆ ಆಗ್ದೆ ಹುಡುಗಿ ನೋಡು ಪದ್ಧತಿ ನಮ್ಮಲ್ಲಿಲ್ಲ."

ಮನೆಗೆ ಮರಳಿದಾಗ ಬಾಗಿಲಲ್ಲೇ ನಿಂತಿದ್ದ ಶೈಲಾ ಕೇಳಿದಳು: "ಮಾವ, ಕಡೆಗೆ ಯಾವ ಫೋಟೋದಲ್ಲಿ ಇರುದು ನಾನು ಅಂದ್ರು?"

ಆ ಸಂಬಂಧ ಕೂಡಿಬರಲಿಲ್ಲ. ಹೊಸ ಕಾರ್ಟ್ರಿಡ್ಜಿನಲ್ಲಿ ಮೂರೂ ಬಣ್ಣ ಇನ್ನೂ ಉಳಿದಿವೆ.