ಅಕ್ಕನ ಹೆಸರಿನ ಕಾಗದ

ಕೂಲಿಗೆಂದು ಊರು ಬಿಟ್ಟು ಕೊಡಿಗೇಹಳ್ಳಿಗೆ ಬಂದ ಮೂರನೆಯ ದಿನ ಬೆಳಗ್ಗೆ ನಮ್ಮ ಶೆಡ್ಡಿನ ತಗಡಿನ ಬಾಗಿಲು ಒಳಕ್ಕೆ ಬಿತ್ತು. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ರಾಡು ಹಿಡಿದ ನಾಲ್ವರು ಚಪ್ಪಲಿಕಾಲಲ್ಲೇ ಹಿಟ್ಟು ತುಳಿದು ನಿಂತರು.

"ಯಾವ್ ದೇಶದಿಂದ ಬಂದಿದೀರೇ? ಪೇಪರ್ ತೆಗೀರಿ!"

"ಯಾದಗಿರಿ ಕಡಿಯವ್ರದೀವ್ರಿ ಯಪ್ಪಾ. ಕನ್ನಡನ ಮಾತಾಡಕತ್ತೀನಲ್ಲ" ಎಂದಳು ಅಕ್ಕ.

"ಇದ್ಯಾವ್ ಕನ್ನಡ ಗುರು? ಮೊನ್ನೆ ಕಲ್ತಿರೋದು!" ಒಬ್ಬ ನಕ್ಕ.

ನಾನು ಮತದಾರರ ಗುರುತಿನ ಚೀಟಿ ತೋರಿಸಿದೆ. ನನ್ನನ್ನು ಬಿಟ್ಟರು. ಅಕ್ಕನ ಬಳಿ ಏನೂ ಇರಲಿಲ್ಲ. ರಾಡು ಅವಳ ಮೊಣಕೈ ಮೇಲೆ ಎರಡು ಸಲ ಇಳಿಯಿತು. ಎಲುಬು ಮುರಿದ ಸದ್ದು ಕೇಳಿಯೂ ನಾನು ಚೀಟಿಯನ್ನು ಎದೆಗೊತ್ತಿಕೊಂಡೇ ನಿಂತಿದ್ದೆ. ಆ ಚೀಟಿಯಲ್ಲಿದ್ದ ಹೆಸರು ಅವಳದು.

ನಮ್ಮೂರಿನವರಾದ ನಿಮಗೆ ಇದು ಗೊತ್ತು. ಶಾಲೆಯಲ್ಲಿ ಮೊದಲು ಬರೆಸಿದ್ದು ಅಕ್ಕನ ಹೆಸರನ್ನು, ದೇವಮ್ಮ ಎಂದು. ವಾರದಲ್ಲೇ ಅವಳನ್ನು ಆಡು ಕಾಯಲು ಕಳಿಸಿದ ಅಪ್ಪ, "ಹೆಸ್ರು ಹೆಂಗೂ ಐತಿ, ಸಣ್ಣಾಕಿ ಹೋಗ್ಲಿ" ಎಂದು ನನ್ನನ್ನು ಅದೇ ಹೆಸರಿನಲ್ಲಿ ಕೂಡಿಸಿದ. ನಮ್ಮ ಕಡೆ ಇದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ನಾಲ್ಕನೆಯ ತರಗತಿಗೆ ನಾನೂ ಬಿಟ್ಟೆ. ಶಾಲೆಯ ಕಾಗದ ಮಾತ್ರ ನನ್ನ ಬಳಿ ಉಳಿಯಿತು. ಅದನ್ನು ತೋರಿಸಿಯೇ ಚೀಟಿ ಮಾಡಿಸಿಕೊಂಡೆ.

ಊರಲ್ಲಿ "ಯಾರ ಮಗಳವ್ವಾ ನೀ?" ಎನ್ನುತ್ತಾರೆ. ಅಪ್ಪನ ಹೆಸರು ಹೇಳಿದರೆ ಕುಡಿಯಲು ನೀರು ಬರುತ್ತದೆ. ಇಲ್ಲಿ ಬಾಯಿಮಾತು ನಡೆಯುವುದಿಲ್ಲ. ನಾನು ಮುದ್ದೆ ನುಂಗಲು ಕಲಿತೆ, "ಹೋಗ್ಬೇಕು ಕಣ್ರೀ" ಎನ್ನಲು ಕಲಿತೆ. ಅಕ್ಕ ಒಂದೇ ಕೈಯಲ್ಲಿ ಇಟ್ಟಿಗೆ ಹೊರಲು ಕಲಿತಳು.

ಅವಳು ಮತದಾರರ ಪಟ್ಟಿಗೆ ಅರ್ಜಿ ಹಾಕಿದಾಗ ಪೌರತ್ವದ ಪುರಾವೆ ಇಲ್ಲವೆಂದು ಕಚೇರಿಯವರು ಹಿಂದಿರುಗಿಸಿದರು. ಹೆಬ್ಬಾಳದ ವಕೀಲೆಯೊಬ್ಬರು ಅವಳೂ ಸೇರಿ ಅಂಥ ಹತ್ತು ಜನರನ್ನು ಕೂಡಿಸಿ, ಹೀಗೆ ಪುರಾವೆ ಕೇಳುವುದೇ ಅನ್ಯಾಯವೆಂದು ಹೈಕೋರ್ಟಿಗೆ ಹೋದರು.

"ಶಾಲೆ ಕಾಗ್ದ ನಿಜವಾಗ್ಲೂ ಯಾರ್ದು ಅಂತ ಬರ್ದು ಸೈನ್ ಹಾಕಮ್ಮ. ನಿಮ್ಮಕ್ಕನಿಗೆ ಅಷ್ಟೇ ಬೇಕಿರೋದು" ಎಂದು, ಅಕ್ಕನಿಂದ ವಿಷಯ ತಿಳಿದಿದ್ದ ಅವರು ನನ್ನನ್ನು ಕೇಳಿದರು.

ಸಹಿ ಹಾಕಿದರೆ ನನ್ನ ಚೀಟಿ ಹೋಗುತ್ತದೆ. ಮುಂದಿನ ಸಲ ರಾಡು ನನ್ನ ಮೇಲೆ.

"ಕಾಗ್ದ ನಂದೇ ಕಣ್ರೀ" ಎಂದೆ.

ಎದುರಿಗೇ ಕೂತಿದ್ದ ಅಕ್ಕ ಅಲ್ಲವೆನ್ನಲಿಲ್ಲ. ವಕೀಲೆಯ ಕಚೇರಿಯ ಮೆಟ್ಟಿಲಿಳಿಯುವಾಗ ಅಂದಳು: "ಹೋಗ್ಲಿ ಬಿಡವಾ. ನಿನ್ನ ಕೈಯರ ನೆಟ್ಟಗಿರ್ಲಿ."

ಒಂದೇ ಹೆಸರಿಗೆ ಇಬ್ಬರಾದರೆ ಮೊಕದ್ದಮೆ ನಿಲ್ಲುವುದಿಲ್ಲವೆಂದು ವಕೀಲೆ ಅವಳನ್ನು ಕೈಬಿಟ್ಟರು. ಉಳಿದ ಒಂಬತ್ತು ಜನರ ಮೊಕದ್ದಮೆ ಇನ್ನೂ ನಡೆಯುತ್ತಿದೆ.

ತಿಂಗಳ ಮೇಲೆ ಆ ನಾಲ್ವರು ಮತ್ತೆ ಬಂದರು. ಅಕ್ಕನನ್ನು ಜಡೆ ಹಿಡಿದು ರಸ್ತೆಗೆಳೆದರು. ಹೊಟ್ಟೆಗೆ ಒದ್ದರು. "ಹೆಸ್ರು ಹೇಳೇ!" ಎಂದು ಬಾಯಿಗೆ ಗುದ್ದಿದರು. ರಕ್ತ ಉಗುಳಿ ನನ್ನತ್ತ ನೋಡಿದಳು. ನಂತರ ಹೇಳಿದಳು: "ಮಲ್ಲಮ್ಮ."

ಅದು ಅಪ್ಪ ನನಗಿಟ್ಟ ಹೆಸರು. ದೇವಮ್ಮ ಎಂದಿದ್ದರೆ ನನ್ನ ಚೀಟಿಯ ಗುಟ್ಟು ಬಯಲಾಗುತ್ತಿತ್ತು. ನಾನು ಚೀಟಿ ಹಿಡಿದು ಒಳಗೇ ನಿಂತಿದ್ದೆ.

ಅಕ್ಕ ಊರಿಗೆ ಮರಳಿದ್ದಾಳೆ. ಅವಳನ್ನು ದೇವಮ್ಮ ಎಂದೇ ಕರೆಯಿರಿ. ಇಲ್ಲಿ ಮೇಸ್ತ್ರಿ ದಿನಾ ಆ ಹೆಸರು ಕೂಗುತ್ತಾನೆ, ನಾನು ಓಗೊಡುತ್ತೇನೆ. ಊರಿಗೆ ಬಂದರೆ ನೀವು ಮಲ್ಲಮ್ಮ ಎಂದು ಕೂಗುತ್ತೀರಿ. ಆಗ ತಿರುಗಿ ನೋಡುವ ಮುಖ ನನಗಿಲ್ಲ.