ಮುಖ ಕಾಣದ ಸುದ್ದಿಗಾರ
ಪತ್ರಕರ್ತರ ವಿನಿಮಯ ಕಾರ್ಯಕ್ರಮಕ್ಕೆ ಬಂದ ವಿದೇಶಿ ಅತಿಥಿಗಳನ್ನು ಕೊಣನೂರಿಗೆ ಕರೆತಂದ ಹಾಸನದ ಸಂಪಾದಕ ಶಶಿಕಿರಣ್, "ಇವರೇ ನಮ್ಮ ಯೂಟ್ಯೂಬ್ ಸಿದ್ದರಾಜು!" ಎಂದು ಬೀಗುತ್ತ, ಬಸ್ಸಿಗೆ ಕಾಯುತ್ತಿದ್ದ ಯಾರಿಗೋ ಶಾಲು ಹೊದಿಸಿಬಿಟ್ಟರು. ಪಕ್ಕದಲ್ಲೇ ನಿಂತು ಅದನ್ನು ಲೈವ್ ಬಿಡುತ್ತಿದ್ದವನು ಸಿದ್ದರಾಜು. ಸದಾ ಮೊಬೈಲಿನ ಹಿಂದಿರುವ ಅವನ ದನಿ ತಾಲ್ಲೂಕಿಗೆಲ್ಲ ಗೊತ್ತು, ಮುಖ ಮನೆಯವರಿಗಷ್ಟೇ. ರಸ್ತೆಗುಂಡಿ ಕಂಡರೆ ನೆಂಟರ ಮದುವೆಗೆ ಹೊರಟ ಬೈಕೂ ತಾನಾಗಿ ನಿಲ್ಲುತ್ತದೆ. ಯಾರ ಮೇಲೆ ಸುದ್ದಿ ಮಾಡಿದರೂ ಮೊದಲು ಅವರಿಗೇ ಫೋನು: "ನಾಳೆ ನಿಮ್ದು ಬತ್ತದೆ, ಬೇಜಾರ್ ಮಾಡ್ಕಬ್ಯಾಡಿ ಕಣಣ್ಣ." ಕಳಪೆ ಚರಂಡಿ ಕಟ್ಟಿಸಿದ ಹೆಂಡತಿಯ ಅಣ್ಣನಿಗೂ ಹಾಗೇ ಹೇಳಿ, ಸುದ್ದಿ ಬಿಟ್ಟ. ಅಂದಿನಿಂದ ಹೆಂಡತಿ ಭಾಗ್ಯಲಕ್ಷ್ಮಿಗೆ ತವರಿನಿಂದ ಗೌರಿ ಬಾಗಿನ ಬಂದಿಲ್ಲ. "ಇಲ್ಲಿ ಪತ್ರಿಕಾ ಸ್ವಾತಂತ್ರ್ಯ ಇದೆಯಾ?" ಎಂಬ ಅತಿಥಿಗಳ ಪ್ರಶ್ನೆಯನ್ನು ಶಶಿಕಿರಣ್ ಕನ್ನಡಕ್ಕಿಳಿಸಿದರು. ಸಿದ್ದರಾಜು ಮೊಬೈಲ್ ಇಳಿಸದೆ ಹೇಳಿದ: "ಐತೆ ಸಾ. ಬಾಗಿನ ಮಾತ್ರ ನಾನೇ ತತ್ತೀನಿ."