ಹಗೇವಿನ ಮೇಲಿನ ಗೋಡೆ

ಗೋಡೆ ಬೀಳುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಮಳೆಗೆ ನೆನೆದು ಬಿದ್ದದ್ದು, ಟ್ರ್ಯಾಕ್ಟರ್ ಗುದ್ದಿ ಬಿದ್ದದ್ದು, ಅಣ್ಣ ತಮ್ಮಂದಿರು ಜಗಳಾಡಿ ತಾವೇ ಕೆಡವಿದ್ದೂ ಉಂಟು. ಆದರೆ ನಿಂತ ಗೋಡೆ ನೆಲದೊಳಗೆ ಇಳಿದು ಹೋದದ್ದನ್ನು ಕಂಡದ್ದು ಒಂದೇ ಸಲ.

ನನ್ನ ಗಂಡ ಗೌಂಡಿ, ಗೋಡೆ ಕಟ್ಟುವವರು. ನಾನು ಅವರಿಗೆ ಬ್ಲಾಕ್ ಹೊತ್ತು ಕೊಡುವವಳು. ಅಣ್ಣಿಗೇರಿ, ನವಲಗುಂದದ ಸುತ್ತಿನ ಹಳ್ಳಿಗಳಲ್ಲಿ ಈಗ ಮಣ್ಣಿನ ಗೋಡೆ ಯಾರಿಗೂ ಬೇಡ, ಎಲ್ಲರಿಗೂ ಸಿಮೆಂಟ್ ಬ್ಲಾಕೇ ಬೇಕು. ಒಂದೊಂದೂ ಅರ್ಧ ಚೀಲ ಸಿಮೆಂಟಿನಷ್ಟು ಭಾರ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬ್ಲಾಕ್, ಕುತ್ತಿಗೆ ನೆಟ್ಟಗೆ. ನೆಲ ನೋಡಿಕೊಂಡು ನಡೆಯುವ ಹಾಗಿಲ್ಲ. "ನಿಮ್ಮನ್ನ ಇಷ್ಟು ವರ್ಷ ಹೊತ್ತಾಕಿಗೆ ಇದೇನ್ ಭಾರರೀ" ಎಂದು ನಾನು ಕೆಣಕಿದರೆ, "ಬ್ಲಾಕ್ ಬಾಯಿ ಮುಚ್ಚಿಕೊಂಡಾರ ಇರ್ತೈತಿ" ಎನ್ನುತ್ತಿದ್ದರು.

ಆ ಮನೆ ಅಣ್ಣಿಗೇರಿ ಕಡೆಯ ಒಂದು ಹಳ್ಳಿಯದು. ಮನೆಯೊಡತಿ ವಯಸ್ಸಾದ ಅಜ್ಜಿ. ಹಣೆ ತುಂಬ ವಿಭೂತಿ, ಇಡೀ ಓಣಿಗೆ ಕೇಳಿಸುವ ದನಿ. ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಬೇಕಿತ್ತು. ಪಾಯ ತೋಡುವ ಮೊದಲು ನಮ್ಮ ಕಡೆಯ ಗೌಂಡಿಗಳು ತಪ್ಪದೆ ಕೇಳುವ ಮಾತೊಂದಿದೆ. ನನ್ನ ಗಂಡನೂ ಕೇಳಿದರು:

"ಅವ್ವಾರ, ಹಿತ್ತಲದಾಗ ಹಗೇವು ಐತೇನ್ರಿ?"

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಒಬ್ಬರು ಇಳಿಯುವಷ್ಟು ಸಣ್ಣ ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಎಳೆದರೆ ಗುರುತೇ ಸಿಗುವುದಿಲ್ಲ. ಚೀಲ, ಗೋದಾಮು ಬಂದ ಮೇಲೆ ಹಗೇವಿನ ಕೆಲಸ ಮುಗಿಯಿತು. ಅದನ್ನು ತುಂಬಿಸದೆ ಮೇಲೆ ಗೋಡೆ ಎಬ್ಬಿಸಿದರೆ ಕಟ್ಟಿದವನ ಗತಿ ಗೋವಿಂದ.

"ಇತ್ತಪಾ. ಗರಸು ಹಾಕಿ ತುಂಬಿಸೇವಿ," ಎಂದಳು ಅಜ್ಜಿ. ಗರಸು ಎಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು.

"ಖರೇನ್ರಿ?"

"ಹಣಿಗೆ ಇಬತ್ತಿ ಹಚ್ಚಿಕೊಂಡು ಸುಳ್ಳ ಹೇಳ್ತೀನೇನೋ?"

ಆ ಹಣೆಯನ್ನು ನಂಬದೆ ಇನ್ನು ಯಾರನ್ನು ನಂಬುವುದು? ಕೆಲಸ ಹಿಡಿದೆವು.

ಗೋಡೆ ನನ್ನ ಗಂಡನ ಎದೆಮಟ್ಟಕ್ಕೆ ಬಂತು. ಸಿಮೆಂಟು ಬಲಿಯಬೇಕಲ್ಲ, ದಿನಾ ಬೆಳಿಗ್ಗೆ ಕೊಡಗಟ್ಟಲೆ ನೀರು ಹೊಡೆಯುತ್ತಿದ್ದೆ. ನಮ್ಮ ಎರೆ ನೆಲಕ್ಕೆ ನೀರು ಬಿದ್ದರೆ ರಾಡಿಯಾಗಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಲ್ಲಿ ಮಾತ್ರ ಸುರಿದ ನೀರು ಸುರಿದಲ್ಲೇ ಮಾಯ. ರಾಡಿ ತುಳಿಯುವ ಕಷ್ಟ ತಪ್ಪಿತು ಎಂದು ಇಬ್ಬರೂ ಖುಷಿಪಟ್ಟೆವು. ಎಲ್ಲಿಂದಲೋ ಒಂದು ಹುಳಿ ವಾಸನೆ ಬರುತ್ತಿತ್ತು. ದನದ ಕಲಗಚ್ಚಿನದಿರಬೇಕು ಎಂದುಕೊಂಡೆವು.

ಅವತ್ತು ಊಟಕ್ಕೆ ಏಳುವ ಹೊತ್ತು. ತಲೆಯ ಮೇಲಿನ ಬ್ಲಾಕನ್ನು ಗೋಡೆಯ ಮೇಲಿಟ್ಟೆ. ಗೋಡೆಯ ಆಚೆ ನಿಂತಿದ್ದ ನನ್ನ ಗಂಡ ಅದನ್ನು ಎಳೆದುಕೊಂಡು, ಹಸಿ ಸಿಮೆಂಟಿನ ಮೇಲೆ ಕೂರಿಸಿ, ಕರಣಿಯ ಹಿಡಿಯಿಂದ ತಟ್ಟಿದರು. ನೆಲದೊಳಗೆ ಏನೋ ಮುರಿದ ಸಪ್ಪಳ. ಎಮ್ಮೆ ಮಲಗುವ ಮೊದಲು ಮೊಣಕಾಲೂರುವ ಹಾಗೆ ಗೋಡೆಯ ಒಂದು ಬದಿ ಬಗ್ಗಿತು. ಅವರು ನನ್ನ ಮುಖ ನೋಡಿದರು. ಹೆದರಿಕೆಯಿಲ್ಲ, ಕೂಗಿಲ್ಲ, 'ಇದೇನಿದು' ಎನ್ನುವ ಮುಖ ಅಷ್ಟೇ. ನನ್ನನ್ನು ನೋಡುತ್ತಲೇ ಗೋಡೆಯ ಜೊತೆ ಕೆಳಗೆ ಹೋದರು.

ನನ್ನ ಮುಂದೆ ಒಂದು ಗುಂಡಿ, ಅದರಿಂದ ಏಳುವ ಧೂಳು. ಬೇರೇನೂ ಇಲ್ಲ. ನನ್ನ ಕೈ ಇನ್ನೂ ಬ್ಲಾಕ್ ಕೊಟ್ಟ ಹಾಗೆಯೇ ಚಾಚಿಕೊಂಡಿತ್ತು. ಕೆಳಗಿನಿಂದ ಒಂದು ಕೆಮ್ಮು ಕೇಳಿತು, ಇನ್ನೊಂದು ಕೇಳಿತು, ಆಮೇಲೆ ನಿಂತುಬಿಟ್ಟಿತು. ಆಗ ನನಗೆ ಎಚ್ಚರ ಬಂತು. ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿಯಲು ಹೋದೆ. ಅಜ್ಜಿ ಓಡಿ ಬಂದು ನನ್ನ ತುರುಬಿಗೇ ಕೈ ಹಾಕಿ ಹಿಂದಕ್ಕೆ ಎಳೆದಳು.

"ಇಳೀಬ್ಯಾಡ ಬೇ! ಕೆಟ್ಟ ಗಾಳಿ ಐತಿ. ಇಳಿದ್ರ ನೀನೂ ಬರೂದಿಲ್ಲ. ಒಳಗ ಜ್ವಾಳ ಐತಿ!"

ಜೋಳ! ಗರಸು ತುಂಬಿಸಿದ ಹಗೇವಿನೊಳಗೆ ಜೋಳ ಎಲ್ಲಿಂದ ಬಂತು? ನಾನು ಅವಳ ಬಾಯನ್ನೇ ನೋಡಿದೆ. ಅವಳಿಗೆ ನನ್ನ ಕಡೆ ನೋಡಲು ಪುರುಸೊತ್ತಿರಲಿಲ್ಲ. ಓಣಿ ನೆರೆಯುವ ಹಾಗೆ ಕೂಗಿದಳು. ಪಡಸಾಲೆಯ ಜಮಖಾನೆ ತರಿಸಿ, ಅದಕ್ಕೆ ಹಗ್ಗ ಕಟ್ಟಿಸಿ, ಗುಂಡಿಯೊಳಗೆ ಬಿಟ್ಟು ಎಳೆಯಿರಿ, ಬಿಟ್ಟು ಎಳೆಯಿರಿ ಎಂದಳು. ಹಗೇವಿನ ಗಾಳಿ ಹೊರಹಾಕುವ ಹಳೆಯ ಪದ್ಧತಿಯಂತೆ ಅದು. ನಾನೂ ಎಳೆದೆ. ಆಮೇಲೆ ಬಾಜು ಮನೆಯ ರೈತರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ಬ್ಲಾಕುಗಳೆಲ್ಲ ಒಂದು ಮಗ್ಗುಲಿಗೆ ಬಿದ್ದು, ನನ್ನ ಗಂಡನ ಒಂದು ಕಾಲಷ್ಟೇ ಸಿಕ್ಕಿಕೊಂಡಿತ್ತು.

ಮೇಲೆ ತಂದಾಗ ಮೂಗಿನಲ್ಲಿ ಮಣ್ಣು, ಬಾಯಲ್ಲಿ ಮಣ್ಣು. ನಾನು ಬೆರಳು ಹಾಕಿ ತೆಗೆದೆ. ಮಣ್ಣಿನ ಜೊತೆ ಜೋಳದ ಕಾಳೂ ಬಂದವು, ಕಪ್ಪಗೆ ಕೊಳೆತವು, ನಾನೇ ಹೊಡೆದ ನೀರು ಕುಡಿದು ಹುಳಿ ನಾರುವವು. ಅವರು ಒಮ್ಮೆ ಉಸಿರೆಳೆದರು. ಅಷ್ಟು ದೊಡ್ಡ ಸಪ್ಪಳ ನಾನು ಜನ್ಮದಲ್ಲಿ ಕೇಳಿಲ್ಲ.

"ಗರಸು ಹಾಕೇವಿ ಅಂದ್ರೆಲ್ರೀ!" ಎಂದು ನಾನು ಅಜ್ಜಿಯ ಮೇಲೆ ಏರಿ ಹೋದೆ. ಆಮೇಲೆ ನಾನು ಬೈದದ್ದನ್ನು ಕಾಗದದ ಮೇಲೆ ಬರೆಯಲು ಬರುವುದಿಲ್ಲ. ಅವಳು ನೆಲಕ್ಕೆ ಕೂತು ತಲೆ ತಗ್ಗಿಸಿ ಹೇಳಿದಳು:

"ಹ್ಯಾಂಗ ಹಾಕಲವ್ವ? ನಮ್ಮನ್ನೆಲ್ಲಾ ಸಾಕಿದ ಹಗೇವು. ಲಕ್ಷ್ಮಿ ಇದ್ದ ಜಾಗಾ ಅದು. ತಳದಾಗ ಆಕಿ ಪಾಲಿಂದು ಒಂದಿಷ್ಟು ಜ್ವಾಳ ಬಿಟ್ಟು, ಕಲ್ಲ ಮುಚ್ಚಿದ್ವಿ. ಮಣ್ಣ ಹಾಕಾಕ ಕೈ ಬರಲಿಲ್ಲ."

ಲಕ್ಷ್ಮಿಗೆ ಜಾಗ ಬಿಟ್ಟು ಅದರ ಮೇಲೆ ನನ್ನ ಗಂಡನನ್ನು ನಿಲ್ಲಿಸಿದ್ದಳು! ನನ್ನ ಗಂಡ ಆಸ್ಪತ್ರೆ ಸೇರಿದರು. ಮುರಿದ ಕಾಲಿಗೆ ಪ್ಲಾಸ್ಟರ್ ಬಿತ್ತು. ಅಜ್ಜಿ ದಿನಾ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ನಾನು ಅವಳ ಜೊತೆ ಮಾತಾಡಲಿಲ್ಲ, ಬುತ್ತಿಯನ್ನು ಮಾತ್ರ ಉಂಡೆ. ಸಿಟ್ಟು ಹೊಟ್ಟೆ ತುಂಬಿಸುತ್ತದೆಯೇ?

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದಿಲ್ಲ ಎಂದು ಕೋಲೂರಿಕೊಂಡು ಅಲ್ಲಿಗೇ ಹೊರಟರು. ಮೊದಲು ಹಗೇವು ತುಂಬಬೇಕಿತ್ತು. ಟ್ರ್ಯಾಕ್ಟರಿನಲ್ಲಿ ಗರಸು ಬಂದು ಬಿದ್ದಿತ್ತು. ಅಜ್ಜಿ ಮೊದಲ ಬುಟ್ಟಿ ತಾನೇ ಹಾಕುತ್ತೇನೆಂದು ಎತ್ತಿಕೊಂಡು ಅಂಚಿಗೆ ಬಂದಳು. ನಿಂತಳು.

"ನನ್ನ ಕೈಲೆ ಆಗೂದಿಲ್ಲವ್ವ. ನೀನ ಹಾಕಿಬಿಡು," ಎಂದು ಬುಟ್ಟಿಯನ್ನು ನನ್ನ ಕೈಗಿಟ್ಟಳು.

ಇದಕ್ಕೇ ಕಾಯುತ್ತಿದ್ದವಳು ನಾನು. ಆಸ್ಪತ್ರೆಯಲ್ಲಿ ಕೂತು ಆ ಹಗೇವನ್ನು ಮನಸ್ಸಿನಲ್ಲೇ ಎಷ್ಟು ಸಲ ಮುಚ್ಚಿದ್ದೆನೋ. ಬಗ್ಗಿ ನೋಡಿದೆ. ಕೊಳೆತ ಜೋಳದ ನಡುವೆ ಅಲ್ಲಲ್ಲಿ ಒಂದೆರಡು ಕಾಳು ಬಿಳಿ ಮೊಳಕೆ ಬಿಟ್ಟಿದ್ದವು. ಬುಟ್ಟಿ ಎತ್ತಿದ ಕೈ ಮೇಲೆಯೇ ನಿಂತಿತು. ರೊಟ್ಟಿ ತಟ್ಟುವ ಕೈ ಅದು, ಬಗ್ಗಲೇ ಇಲ್ಲ. ನನ್ನ ಗಂಡನನ್ನು ನುಂಗಲು ಹೋದ ಗುಂಡಿಗೆ ಮಣ್ಣು ಹಾಕಲು ನನಗೇ ಆಗುತ್ತಿಲ್ಲ! ನನ್ನನ್ನು ಕಂಡು ನನಗೇ ದಿಗಿಲಾಯಿತು. ಅಜ್ಜಿಯ ಮುಖ ನೋಡಲು ನಾಚಿಕೆಯಾಯಿತು.

ನನ್ನ ಗಂಡ ಕೋಲನ್ನು ಮನೆಯ ಗೋಡೆಗೆ ಆನಿಸಿ, ಕುಂಟುತ್ತ ಬಂದು ನನ್ನ ಕೈಯಿಂದ ಬುಟ್ಟಿ ತೆಗೆದುಕೊಂಡರು.

"ಬಾಜು ಸರೀರಿ ಇಬ್ಬರೂ. ಒಳಗ ಬಿದ್ದು ನೋಡಿ ಬಂದಾಂವ ನಾನು. ಅಲ್ಲಿ ಯಾವ ಲಕ್ಷ್ಮಿನೂ ಇರಲಿಲ್ಲ. ನಾ ಒಬ್ಬನ ಇದ್ದೆ."

ಹೇಳಿ, ಗರಸು ಸುರಿದರು.